ಪಕ್ಕದ ಮನೆಯವನ ರಕ್ತ

ಏಪ್ರಿಲ್ 6, ಭಾನುವಾರ (ಮೊದಲ ಪುಟ, ಕೊನೆಗೆ ಬರೆದದ್ದು)

ಯಾವ ಹೊಸ ಪುಸ್ತಕ ತೆಗೆದರೂ ಮೊದಲ ಪುಟ ಖಾಲಿ ಬಿಡುವುದು ನನ್ನ ಅಂಗಡಿಯ ಅಭ್ಯಾಸ. ವ್ಯವಹಾರ ಮುಗಿದ ಮೇಲೆ ಒಟ್ಟು ಏನೇನು ಹೋಯಿತು ಎಂದು ಅಲ್ಲಿ ಬರೆಯಬೇಕು. ಈ ಪುಸ್ತಕಕ್ಕೂ ಹಾಗೇ ಬಿಟ್ಟಿದ್ದೆ. ಇವತ್ತು ತುಂಬಿಸುತ್ತಿದ್ದೇನೆ.

ಹೋದದ್ದು: ಹೆಂಡತಿಯ ಪಿತ್ತಕೋಶ. ಮೂರು ಚೀಲ ರಕ್ತ. ಎರಡು ಯಾರದ್ದೋ, ಒಂದು ನನ್ನದು. ಯಾರದ್ದೋ ಎರಡರ ಬಗ್ಗೆ ದೂರಿಲ್ಲ. ಮಗಳ ನಿದ್ದೆ. ಸರ್ಜನ್ ಸಾಹೇಬರಿಗೆ ನನ್ನ ಮೇಲಿದ್ದ ವಿಶ್ವಾಸ. ಒಂದು ಒಳ್ಳೆಯ ಮರದ ಬಾಗಿಲು. ಮತ್ತೆ ಒಂದು ಸುಳ್ಳು. ಅದು ಬಿಟ್ಟಿ ಸಿಕ್ಕಿತ್ತು. ಇಡೀ ಪಟ್ಟಿಯಲ್ಲಿ ಅದಕ್ಕಿಂತ ದುಬಾರಿಯದು ಇನ್ನೊಂದಿಲ್ಲ.

ದುಡ್ಡಿನ ಲೆಕ್ಕ ಮಗಳ ಹತ್ತಿರ ಇದೆ. ನಾನು ಕೇಳಿಲ್ಲ. ಬಂದದ್ದೇನು ಎಂಬುದು ಕೊನೆಯ ಪುಟದಲ್ಲಿದೆ.

ಮಾರ್ಚ್ 3, ಸೋಮವಾರ

ಐಸಿಯು ಹೊರಗಿನ ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯುವ ಚಟ ನನಗಿಲ್ಲ. ಬೆಳಿಗ್ಗೆ ನರ್ಸಮ್ಮ ಬಂದು, "ಅಂಕಲ್, ನೀವು ರೇಡಿಯೊ ಥರ ಒಂದೇ ಸಮ ಮಾತಾಡ್ತೀರಿ. ಪಕ್ಕದಲ್ಲಿ ಕೂತೋರಿಗೂ ಅವರವರ ಕಷ್ಟ ಇರುತ್ತಲ್ವಾ? ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಅಂದಳು. ಮಗಳು ತಲೆ ತಗ್ಗಿಸಿದಳು. ಬಾಯಿ ಮುಚ್ಚಿದರೆ ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಅಂಗಡಿಯ ಆರ್ಡರ್ ಪುಸ್ತಕ ತರಿಸಿಕೊಂಡೆ.

ನನ್ನ ಕಸುಬೇ ಮಾತು. ಕೆಡವಿದ ಮನೆಗಳ ಬಾಗಿಲು ಕಿಟಕಿ ಕೊಂಡು, ಉಜ್ಜಿ, ಪಾಲಿಶ್ ಹೊಡೆದು ಮಾರುತ್ತೇನೆ. ಮರ ಅರ್ಧ ಮಾರುತ್ತದೆ, ನಾಲಿಗೆ ಉಳಿದರ್ಧ ಮಾರುತ್ತದೆ. ಅಂಗಡಿಯ ಅಂಗಳದಲ್ಲಿ ಮುನ್ನೂರು ಬಾಗಿಲು ಗೋಡೆಗೆ ಒರಗಿ ನಿಂತಿವೆ. ಇಲ್ಲಿ ಒಂದೇ ಬಾಗಿಲ ಮುಂದೆ ನಾನು ಒರಗಿ ನಿಂತಿದ್ದೇನೆ, ಅದು ತೆರೆಯುವುದು ದಿನಕ್ಕೆ ಎರಡು ಸಲ.

ಆದದ್ದು ಇಷ್ಟು. ಕಳೆದ ಬುಧವಾರ ಇವಳು, "ರೀ, ಹೊಟ್ಟೆ ಬಲಗಡೆ ಹಿಡಕೊಂಡಂಗಿದೆ" ಅಂದಳು. "ಗ್ಯಾಸು. ಬಿಸಿನೀರು ಕುಡಿ" ಅಂದೆ. ಅವತ್ತು ಒಂದು ಹಳೆಯ ಶಾಲೆ ಕೆಡವುತ್ತಿದ್ದರು, ನಲವತ್ತು ಕಿಟಕಿ, ಒಂದಕ್ಕೂ ಹುಳು ಹಿಡಿದಿರಲಿಲ್ಲ. ಗುರುವಾರವೂ ಹೇಳಿದಳು. ಶುಕ್ರವಾರ ಹೇಳಲಿಲ್ಲ. ಹೇಳಲಿಲ್ಲವಲ್ಲ, ವಾಸಿಯಾಯಿತು ಅಂದುಕೊಂಡೆ. ಶನಿವಾರ ಅಡುಗೆಮನೆಯಲ್ಲಿ ಕುಸಿದಳು. ಪಿತ್ತಕೋಶ ಒಡೆದು ನಂಜು ಮೈಗೆಲ್ಲ ಏರಿತ್ತು. ಸರ್ಜನ್ ಸಾಹೇಬರು ಆಪರೇಷನ್ ಮಾಡಿ ಹೊರಗೆ ಬಂದು, "ನೋವು ಯಾವಾಗಿಂದ ಇತ್ತು?" ಅಂತ ಕೇಳಿದರು.

"ನಿನ್ನೆಯಿಂದ ಸರ್" ಅಂದೆ.

ಯಾಕೆ ಹಾಗಂದೆ? ಬಾಯಿಗೆ ಬಂತು. ಗಿರಾಕಿ ಕೇಳುವ ಮೊದಲೇ ಉತ್ತರ ರೆಡಿ ಇರುವ ಬಾಯಿ.

ಮಾರ್ಚ್ 5, ಬುಧವಾರ

ಐಸಿಯು ಡಾಕ್ಟರಮ್ಮ ಇವತ್ತು ಐದು ನಿಮಿಷ ಕೊಟ್ಟರು. ದಪ್ಪ ಕನ್ನಡಕ, ಕಡಿಮೆ ಮಾತು. ಇಂಥವರ ಜೊತೆ ವ್ಯಾಪಾರ ಕಷ್ಟ. ಇವಳ ರಕ್ತದ ಅಂಶ ಏಳೂವರೆಗೆ ಇಳಿದಿದೆಯಂತೆ. ಹೆಂಗಸಿಗೆ ಹನ್ನೆರಡಾದರೂ ಇರಬೇಕಂತೆ.

"ನಾಲ್ಕೂವರೆ ಕಮ್ಮಿ ಆಯ್ತಲ್ಲ ಮೇಡಂ. ತುಂಬಿಸಿಬಿಡಿ" ಅಂದೆ.

"ಟ್ಯಾಂಕ್ ಅಲ್ಲ ತುಂಬಿಸೋಕೆ. ಏಳರ ಕೆಳಗೆ ಹೋದ್ರೆ ಕೊಡ್ತೀವಿ. ಎಲ್ಲಾದ್ರೂ ರಕ್ತ ಸೋರ್ತಿದ್ರೆ, ಹೃದಯಕ್ಕೆ ತೊಂದರೆ ಆದ್ರೆ ಆಗಲೂ ಕೊಡ್ತೀವಿ. ಸದ್ಯಕ್ಕೆ ಬೇಡ."

"ಕೊಟ್ರೆ ನಷ್ಟ ಏನು?"

"ಇನ್ನೊಬ್ಬರ ರಕ್ತ ಅಂದ್ರೆ ಇನ್ನೊಬ್ಬರ ಅಂಗ ಇದ್ದ ಹಾಗೆ. ಜ್ವರ ಬರಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೈ ಅದನ್ನ ಒಪ್ಪದೇ ಇರಬಹುದು. ಸಾಯೋರನ್ನ ಅದು ಎಳಕೊಂಡು ಬರುತ್ತೆ, ನಾನೇ ಕಣ್ಣಾರೆ ನೋಡಿದೀನಿ. ಆದರೆ ಅಗತ್ಯ ಇಲ್ಲದೋರಿಗೆ ಕೊಟ್ರೆ ಲಾಭ ಇಲ್ಲ, ಅಪಾಯ ಮಾತ್ರ ಉಳಿಯುತ್ತೆ."

ತೆಗೆದುಕೊಳ್ಳಬೇಡಿ ಎಂದು ಹೇಳುವ ವ್ಯಾಪಾರಿಯನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಹಾಗೆ ಹೇಳಿದರೆ ಒಂದೇ ಅರ್ಥ, ಮಾಲು ಇಲ್ಲ. ಮಾಲು ಇಲ್ಲದಿದ್ದರೆ ನಾನಿದ್ದೇನಲ್ಲ! ಇವಳದ್ದೂ ನನ್ನದೂ ಒಂದೇ ಗ್ರೂಪು. ನೇರ ಕೆಳಗಿನ ರಕ್ತನಿಧಿಗೆ ಹೋದೆ. ಕೌಂಟರಿನಲ್ಲಿ ಒಬ್ಬ ಹೆಂಗಸು ಇದ್ದಳು.

"ರೋಗಿಗೆ ನೀವು ಏನಾಗಬೇಕು?"

"ಗಂಡ."

"ಹಾಗಾದ್ರೆ ಆಗಲ್ಲ. ಗಂಡನ ರಕ್ತ ಹೆಂಡತಿಗೆ ಕೊಡಲ್ಲ."

"ಯಾಕಮ್ಮಾ?"

"ರೂಲ್ಸು."

"ರೂಲ್ಸು ಯಾಕೆ?"

"ಅದು ನಂಗೊತ್ತಿಲ್ಲ. ಬೋರ್ಡಲ್ಲಿ ಹಾಕಿದಾರೆ ನೋಡಿ."

"ಮೂವತ್ತು ವರ್ಷ ಸಂಸಾರ ಮಾಡಿದೋನು ಆಗಲ್ಲ, ದಾರೀಲಿ ಹೋಗೋ ದಾಸಯ್ಯ ಆಗ್ತಾನಾ?"

"ಆಗ್ತಾನೆ" ಅಂದಳು ಆಕೆ, ನಗದೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ವಾಪಸ್ ಬಂದು ಕೂತೆ. ಸಂಜೆ ಗಾಜಿನಲ್ಲಿ ಇಣುಕಿದಾಗ ಇವಳ ಮುಖ ಸುಣ್ಣ ಬಳಿದಂತೆ ಇತ್ತು. ಬಾಯಿಗೆ ಕೊಳವೆ. ಗ್ಯಾಸು ಅಂದ ಬಾಯಿ ಹೊರಗೆ ಆರಾಮಾಗಿ ಟೀ ಕುಡಿಯುತ್ತಿತ್ತು.

ಏನಾದರೂ ಕೊಡಬೇಕು. ಮಾತಲ್ಲದ್ದು ಏನಾದರೂ.

ಮಾರ್ಚ್ 6, ಗುರುವಾರ

ಕೊಟ್ಟೆ!

ಮಧ್ಯಾಹ್ನ ಕೌಂಟರಿಗೆ ಬೇರೆ ಆಳು ಬರುತ್ತಾನೆ ಎಂದು ನಿನ್ನೆಯೇ ನೋಡಿಟ್ಟಿದ್ದೆ. "ರೋಗಿಗೆ ಏನಾಗಬೇಕು?" ಅಂದ. "ಪಕ್ಕದ ಮನೆಯವನು" ಅಂದೆ. ಅಷ್ಟೇ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಸೂಜಿ ಚುಚ್ಚುತ್ತ ಆತ, "ಇಂಥ ಅಕ್ಕಪಕ್ಕದೋರು ಸಿಗೋಕೆ ಪುಣ್ಯ ಮಾಡಿರಬೇಕು ಸರ್" ಅಂತ ಹೊಗಳಿದ. ಆ ಪಕ್ಕದ ಮನೆಯವನ ಬಗ್ಗೆ ನನಗೂ ಸ್ವಲ್ಪ ಹೆಮ್ಮೆಯಾಯಿತು.

ಇನ್ನು ಅದನ್ನು ಹಾಕಿಸಬೇಕಲ್ಲ. ಡಾಕ್ಟರಮ್ಮನನ್ನು ಬಿಟ್ಟು ಸರ್ಜನ್ ಸಾಹೇಬರಿಗೆ ಫೋನ್ ಹಚ್ಚಿದೆ. ಅವರ ಹೊಸ ಮನೆಯ ಮುಂಬಾಗಿಲು ನಾನು ಕೊಟ್ಟದ್ದು. ಬಂದವರೆಲ್ಲ ನಿಂತು ನೋಡುತ್ತಾರೆ ಎಂದು ಅವರೇ ಹೇಳುತ್ತಿರುತ್ತಾರೆ. (ಕೆಳಗಿನ ಚೌಕಟ್ಟಿನಲ್ಲಿ ಹುಳು ಕೊರೆದ ತೂತಿತ್ತು. ಮೇಣ ತುಂಬಿ ಪಾಲಿಶ್ ಹೊಡೆದು ಕಳಿಸಿದ್ದೆ. ಅವರಿಗೆ ಗೊತ್ತಿಲ್ಲ.) ಬಾಗಿಲ ಯೋಗಕ್ಷೇಮ ಮೊದಲು ವಿಚಾರಿಸಿದೆ, ಆಮೇಲೆ ಹೆಂಡತಿಯದು. "ಆಯ್ತಯ್ಯ, ಒಂದು ಚೀಲ ತಾನೇ, ಹಾಕಲಿ ಬಿಡು. ನಾನು ಹೇಳ್ತೀನಿ" ಅಂದರು.

ಡಾಕ್ಟರಮ್ಮ ಹಜಾರದಲ್ಲಿ ಎದುರಾದರು. "ಮೇಲಿಂದ ಹೇಳಿಸಿದ್ರಿ" ಅಂದರು. ಬೈಗುಳವಾಗಿದ್ದರೆ ಉತ್ತರ ಕೊಡುತ್ತಿದ್ದೆ. ಅದು ಬೈಗುಳವಾಗಿರಲಿಲ್ಲ.

ಮಾರ್ಚ್ 8, ಶನಿವಾರ

ಚೀಲ ನಿನ್ನೆ ಹೋಯಿತು. ಗಾಜಿನಾಚೆಯಿಂದ ಪೂರ್ತಿ ನೋಡಿದೆ. ಹನಿ ಹನಿಯಾಗಿ ನಾನು ಕೊಳವೆಯಲ್ಲಿ ಇಳಿದು ಅವಳೊಳಗೆ ಹೋಗುವುದನ್ನು ನೋಡುತ್ತ ನಿಂತರೆ, ಎಷ್ಟೋ ದಿನದ ಭಾರ ಹೆಗಲಿಂದ ಇಳಿದ ಹಾಗಾಯಿತು. ಬುಧವಾರದ್ದು, ಗುರುವಾರದ್ದು, ಎಲ್ಲ ಚುಕ್ತಾ.

ಇವತ್ತು ಎಂಟೂವರೆಗೆ ಏರಿದೆ. ಕೆನ್ನೆಯಲ್ಲಿ ಬಣ್ಣ ಬಂದಿದೆ. ಡಾಕ್ಟರಮ್ಮ ಮಾತ್ರ, "ನಂಜು ಇಳೀತಿದೆ, ಆಂಟಿಬಯಾಟಿಕ್ ಕೆಲಸ ಮಾಡ್ತಿದೆ" ಅಂದರು. ಕೆಲಸ ಯಾರದ್ದು, ಹೆಸರು ಯಾರಿಗೆ! ಇರಲಿ, ದೊಡ್ಡ ಮನಸ್ಸು ಮಾಡಿ ಸುಮ್ಮನಾದೆ.

ಮಾರ್ಚ್ 10, ಸೋಮವಾರ

ಕೊಳವೆ ತೆಗೆದರು. ಉಸಿರು ಅವಳದ್ದೇ. ಒಳಗೆ ಬಿಟ್ಟರು. ಕಿವಿಯ ಹತ್ತಿರ ಬಗ್ಗಿ, "ನಿನ್ನ ಮೈಯಲ್ಲಿ ಓಡ್ತಿರೋದು ನಂದೇ ರಕ್ತ ಕಣೇ" ಅಂದೆ. "ನಿಮ್ದಾ?" ಅಂದಳು, ಗಂಟಲು ಒಡೆದಿತ್ತು. ಆಮೇಲೆ ಏನೋ ಯೋಚಿಸಿ, "ಶಾಲೆ ಕಿಟಕಿ ಸಿಕ್ತಾ?" ಅಂದಳು.

ಸಿಕ್ಕಿತು ಅಂದೆ.

ಅಂಗಡಿಯ ಮೇಸ್ತ್ರಿಗೂ, ಟೀ ಅಂಗಡಿಯವನಿಗೂ, ಹಜಾರದಲ್ಲಿ ಕೂತ ಅಷ್ಟೂ ಜನಕ್ಕೂ ರಕ್ತ ಕೊಟ್ಟ ಕಥೆ ಹೇಳಿದೆ. ನರ್ಸುಗಳಿದ್ದಾಗ ಮಾತ್ರ ಹೇಳಲಿಲ್ಲ. ಮಗಳು, "ಅಪ್ಪಾ, ಅಂಗಡಿ ಮುಂದೆ ಬೋರ್ಡ್ ಹಾಕಿಸಿಬಿಡು, 'ಇಲ್ಲಿ ಬಾಗಿಲು, ಕಿಟಕಿ ಮತ್ತು ರಕ್ತ ದೊರೆಯುತ್ತದೆ' ಅಂತ" ಅಂದಳು. ನಕ್ಕೆವು. ಅವಳು ನಕ್ಕು ಬಹಳ ದಿನವಾಗಿತ್ತು.

ಮಾರ್ಚ್ 14, ಶುಕ್ರವಾರ

ಜ್ವರ. ಬೆನ್ನು ನೋವು ಅನ್ನುತ್ತಾಳೆ. ಕಣ್ಣಿನ ಬಿಳಿ ಹಳದಿಯಾಗಿದೆ. ದೀಪದ ಬೆಳಕಿರಬೇಕು ಎಂದು ಮಗಳಿಗೆ ಹೇಳಿದೆ.

ದೀಪ ಬಿಳಿಯದು.

ಮಾರ್ಚ್ 15, ಶನಿವಾರ

ಮೂತ್ರದ ಚೀಲದಲ್ಲಿ ಕರಿ ಟೀ ಬಣ್ಣ. ರಕ್ತದ ಅಂಶ ಆರಕ್ಕೆ ಬಿದ್ದಿದೆ. ನನ್ನ ಚೀಲ ಹೋಗುವ ಮುಂಚೆ ಇದ್ದದ್ದಕ್ಕಿಂತ ಕೆಳಗೆ. ಹಾಕಿದ ಬಂಡವಾಳವೂ ಹೋಯಿತು, ಇದ್ದದ್ದೂ ಹೋಯಿತು.

ಮಂಚದ ಪಕ್ಕ ಡಾಕ್ಟರಮ್ಮನೂ ಸರ್ಜನ್ನರೂ ನಿಂತು ಮಾತಾಡುತ್ತಿದ್ದರು. ಮಗಳು ಔಷಧಿ ತರಲು ಹೋಗಿದ್ದಳು, ನಾನು ಕಾಲ ದೆಸೆಯಲ್ಲಿದ್ದೆ.

"ರಕ್ತ ಒಳಗೇ ಒಡೀತಾ ಇರಬಹುದು ಸರ್. ಕೊಟ್ಟು ವಾರ ಆಯ್ತು, ಲೆಕ್ಕ ಸರಿ ಹೋಗುತ್ತೆ. ಹೊಂದದ ರಕ್ತ ಆಗಿದ್ರೆ ಹೀಗೇ ಆಗುತ್ತೆ" ಅಂದರು ಡಾಕ್ಟರಮ್ಮ.

"ಹೊಂದಿಕೆ ನೋಡೇ ಕೊಟ್ಟಿದಾರಲ್ಲಮ್ಮ. ಯಾರದ್ದು ಅದು?"

ಡಾಕ್ಟರಮ್ಮ ಕಾಗದ ತಿರುವಿದರು. "ಪಕ್ಕದ ಮನೆಯವರು ಅಂತಿದೆ."

"ಮತ್ತೆ! ಪಕ್ಕದ ಮನೆಯವನ ರಕ್ತ ಏನು ಮಾಡುತ್ತೆ? ಇದು ಪಿತ್ತ ಸೋರ್ತಿರೋದು. ಅದಕ್ಕೇ ಕಾಮಾಲೆ, ಅದಕ್ಕೇ ಜ್ವರ. ನಾಳೆ ಬೆಳಿಗ್ಗೆ ಹೊಟ್ಟೆ ತೆಗೆದು ನೋಡೇಬಿಡ್ತೀನಿ."

"ಇಂಥ ಸ್ಥಿತೀಲಿ ಇನ್ನೊಂದು ಆಪರೇಷನ್ ತಡಕೊಳ್ತಾರಾ ಸರ್?"

"ಮಾಡದಿದ್ರೆ ತಡಕೊಳ್ತಾರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲೂ ಮುಟ್ಟಿಕೊಳ್ಳಲಿಲ್ಲ. ಪೂರ್ತಿ ಕಲ್ಲಾಗಿ ನಿಂತೆ. ಸರ್ಜನ್ ನನ್ನ ಬೆನ್ನು ತಟ್ಟಿ, "ಧೈರ್ಯವಾಗಿರಯ್ಯ" ಅಂದು ಹೋದರು. ಸಹಿ ಹಾಕಿ ಎಂದು ಕಾಗದ ಕೊಟ್ಟರು. ಹಾಕಿದೆ.

ಅದೇ ದಿನ, ಸಂಜೆ

ಗಂಡ ಆದರೇನು, ಪಕ್ಕದ ಮನೆಯವನಾದರೇನು. ರಕ್ತ ರಕ್ತವೇ. ಡಾಕ್ಟರಿಗೆ ಗೊತ್ತಿರುವುದಿಲ್ಲವೇ. ಈಗ ಹೇಳಿದರೆ ಮೇಲಿಂದ ಹೇಳಿಸಿದ್ದಕ್ಕೆ ಡಾಕ್ಟರಮ್ಮ, ಬಾಗಿಲಿನ ದಾಕ್ಷಿಣ್ಯಕ್ಕೆ ಸರ್ಜನ್, ಇಬ್ಬರೂ ಉಗಿಯುತ್ತಾರೆ. ಉಗಿಯಲಿ. ಉಗಿಯುವುದು ದೊಡ್ಡದಲ್ಲ. ಮಗಳು ಏನೆನ್ನುತ್ತಾಳೆ. ಇವಳು ಏನೆನ್ನುತ್ತಾಳೆ.

ಗ್ಯಾಸು ಅಂದದ್ದೂ ಇದೇ ಬಾಯಿ. ನಿನ್ನೆಯಿಂದ ಅಂದದ್ದೂ ಇದೇ ಬಾಯಿ. ಪಕ್ಕದ ಮನೆಯವನು ಅಂದದ್ದೂ. ಮೂರು ಸಲ ಮಾತಾಡಿ ಮೂರು ಸಲವೂ ಅವಳ ಹೊಟ್ಟೆಯ ಮೇಲೇ ಬರೆ ಎಳೆದಿದ್ದೇನೆ. ಈಗ ಮಾತ್ರ ಸುಮ್ಮನಿದ್ದೇನೆ. ಜೀವಮಾನದಲ್ಲಿ ಒಂದು ಸಲ ಸುಮ್ಮನಿದ್ದೇನೆ, ಅದೂ ಇಂಥ ಹೊತ್ತಿಗೆ.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಡಾಕ್ಟರಮ್ಮ ಐಸಿಯು ಹಿಂದಿನ ಸಿಂಕಿನಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದರು. ಹಿಂದೆ ಹೋಗಿ ನಿಂತೆ. ದಾರಿಯುದ್ದಕ್ಕೂ ಪೀಠಿಕೆ ಹೊಂದಿಸಿಕೊಂಡು ಬಂದಿದ್ದೆ, ಒಂದೂ ನೆನಪಿಗೆ ಬರಲಿಲ್ಲ.

"ಮೇಡಂ, ಪಕ್ಕದ ಮನೆಯವನು ನಾನೇ."

"ಏನು?"

"ನಮಗೆ ಪಕ್ಕದ ಮನೆ ಇಲ್ಲ ಮೇಡಂ. ಒಂದು ಕಡೆ ರಸ್ತೆ, ಒಂದು ಕಡೆ ನಂದೇ ಗೋಡೌನು. ಆ ಚೀಲ ನಂದು."

ನಲ್ಲಿ ನಿಲ್ಲಿಸಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಎರಡು ಪ್ರಶ್ನೆ ಕೇಳಿದರು.

"ಮಕ್ಕಳೆಷ್ಟು?"

"ಒಬ್ಬಳೇ ಮಗಳು."

"ಅದು ಬಿಟ್ಟು ಬಸಿರಾಗಿದ್ರಾ?"

"ಆಗಿದ್ಲು. ಮಗಳಾದ ಮೇಲೆ. ಆರನೇ ತಿಂಗಳಲ್ಲಿ ಹೋಯ್ತು. ಗಂಡು."

ಇದನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಇಷ್ಟು ಮಾತಾಡುವವನು ಅದೊಂದನ್ನು ಆಡಿರಲಿಲ್ಲ. ಡಾಕ್ಟರಮ್ಮ ತೊಳೆಯದ ಡಬ್ಬಿ ಅಲ್ಲೇ ಬಿಟ್ಟು ಓಡಿದರು. ನಿಜವಾಗಿ ಓಡಿದರು, ಚಪ್ಪಲಿ ಪಟಪಟ ಅನ್ನುತ್ತಿತ್ತು.

ಆಪರೇಷನ್ ಥಿಯೇಟರಿನ ಬಾಗಿಲ ಹತ್ತಿರ ಇವಳ ಮಂಚ ಹೋಗಿ ನಿಂತಿತ್ತು. ಅಲ್ಲಿಂದಲೇ ಹಿಂದಕ್ಕೆ ತಂದರು. ಹೊಸದಾಗಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಹಸಿರು ಬಟ್ಟೆಯಲ್ಲೇ ಸರ್ಜನ್ ಹೊರಗೆ ಬಂದರು. "ಇನ್ನೊಂದು ಗಳಿಗೆ ತಡ ಆಗಿದ್ರೆ ನನ್ನ ಕೈಯಿಂದ ಸುಮ್ಸುಮ್ನೆ ಹೊಟ್ಟೆ ಕುಯ್ಯಿಸ್ತಿದ್ಯಲ್ಲಯ್ಯಾ!" ಎಂದು ಕೂಗಿದರು. ಹಜಾರದ ಜನವೆಲ್ಲ ತಿರುಗಿ ನೋಡಿತು. ನನ್ನ ಕಥೆ ಕೇಳಿ ತಲೆದೂಗಿದ್ದ ಜನ. ಮಗಳೂ ಅಲ್ಲೇ ಇದ್ದಳು.

ಮಧ್ಯಾಹ್ನ ಫಲಿತಾಂಶ ಬಂತು. ನನ್ನನ್ನೂ ಮಗಳನ್ನೂ ಕೂರಿಸಿಕೊಂಡು ಡಾಕ್ಟರಮ್ಮ ಹೇಳಿದರು. ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತು ಅವರದ್ದಲ್ಲ.

"ಗ್ರೂಪ್ ಒಂದೇ ಆದ್ರೆ ಆಯ್ತು ಅಂತ ಜನ ಅಂದ್ಕೊಳ್ತಾರೆ. ರಕ್ತದ ಕಣದ ಮೇಲೆ ಇನ್ನೂ ಎಷ್ಟೋ ಗುರುತು ಇರುತ್ತೆ. ನಿಮ್ಮಲ್ಲಿರೋ ಒಂದು ಗುರುತು ಅವರಲ್ಲಿಲ್ಲ. ಹೊಟ್ಟೇಲಿದ್ದ ಮಗುಗೆ ಅದು ನಿಮ್ಮಿಂದ ಬಂದಿದೆ. ಹೆರಿಗೆ ಹೊತ್ತಲ್ಲಿ ಮಗುವಿನ ರಕ್ತ ಒಂಚೂರು ತಾಯಿಗೆ ಸೇರುತ್ತೆ. ಮೈ ಅವತ್ತೇ ಅದನ್ನ ಹೊರಗಿಂದು ಅಂತ ಗುರುತಿಟ್ಕೊಳ್ತು. ವರ್ಷಗಟ್ಟಲೆ ಸುಮ್ಮನಿತ್ತು, ಹೊಂದಿಕೆ ಪರೀಕ್ಷೇಲೂ ಕಾಣಿಸಲಿಲ್ಲ. ನಿಮ್ಮ ಚೀಲ ಹೋಯ್ತು ನೋಡಿ, ನೆನಪಾಯ್ತು. ಈಗ ಹುಡುಕಿ ಹುಡುಕಿ ಒಡೀತಿದೆ. ಅದಕ್ಕೇ ಆ ರೂಲ್ಸು."

ಕೌಂಟರಿನ ಹೆಂಗಸಿಗೆ ಕಾರಣ ಗೊತ್ತಿರಲಿಲ್ಲ, ಪಾಲಿಸಿದಳು. ಕಾರಣ ಕೇಳಿ ನಾನು ಜಾಣನಾದೆ.

ರಕ್ತ ಐದಕ್ಕೆ ಇಳಿದಿದೆ. ಎದೆಬಡಿತ ಓಡುತ್ತಿದೆ, ಏದುಸಿರು.

"ಈಗ ಕೊಡಲೇಬೇಕು" ಅಂದರು ಡಾಕ್ಟರಮ್ಮ. "ಅವತ್ತು ಬೇಡ ಅಂದಿದ್ದೂ ನಾನೇ. ಇವತ್ತು ಕೊಡದಿದ್ರೆ ಉಳಿಯಲ್ಲ. ಆ ಗುರುತು ಇಲ್ಲದ ರಕ್ತ ಸಿಗಬೇಕು. ನಾಲ್ಕರಲ್ಲಿ ಒಬ್ಬರದ್ದು ಹಾಗಿರಬಹುದು."

"ನಾನೇನು ಮಾಡ್ಲಿ ಮೇಡಂ? ಯಾರಿಗೆ ಫೋನ್ ಮಾಡ್ಲಿ?"

"ಯಾರಿಗೂ ಬೇಡ. ಕೂತ್ಕೊಳ್ಳಿ."

ಕೂತೆ. ಕೆಳಗೆ ರಕ್ತನಿಧಿಯಲ್ಲಿ ಅದೇ ನಗದ ಹೆಂಗಸು ಚೀಲದ ಮೇಲೆ ಚೀಲ ತೆಗೆದು ಪರೀಕ್ಷೆಗೆ ಕೊಡುತ್ತಿದ್ದಳಂತೆ. ಸಂಜೆಯೊಳಗೆ ಎರಡು ಸಿಕ್ಕವು. ಡಾಕ್ಟರಮ್ಮ ಸ್ಟೂಲು ಹಾಕಿಕೊಂಡು ಮಂಚದ ಪಕ್ಕ ಕೂತೇ ಹಾಕಿಸಿದರು. ನಾನು ಗಾಜಿನಾಚೆ. ಈ ಸಲ ಹನಿ ಎಣಿಸಲಿಲ್ಲ. ಅದು ಯಾರೋ. ಪಕ್ಕದ ಮನೆಯವನು, ನಿಜವಾದವನು.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಏಳು. ಗಂಟೆ ಅಲ್ಲ, ರಕ್ತ.

ಮೂತ್ರದ ಬಣ್ಣ ತಿಳಿಯಾಗಿದೆ. ಕಿಡ್ನಿ ಉಳಿಯುತ್ತದೆಯೋ ಇಲ್ಲವೋ ಇನ್ನು ಎರಡು ದಿನಕ್ಕೆ ಗೊತ್ತಾಗುತ್ತದಂತೆ.

ಮಾರ್ಚ್ 20, ಗುರುವಾರ

ಉಳಿದಿದೆ.

ಮಾರ್ಚ್ 22, ಶನಿವಾರ

ನರ್ಸಮ್ಮ, "ಏನ್ ಅಂಕಲ್, ರೇಡಿಯೊ ಕೆಟ್ಟೋಯ್ತಾ?" ಅಂದಳು. ಬ್ಯಾಟರಿ ಖಾಲಿ ಅಂದೆ.

ಮಗಳು ಆರು ದಿನದಿಂದ ಬೇಕಾದಷ್ಟೇ ಮಾತು. ಟೀ ಬೇಕಾ, ಚೀಟಿ ಎಲ್ಲಿ, ಮನೆಗೆ ಹೋಗ್ತೀಯಾ. ಇವತ್ತು ಪಕ್ಕದಲ್ಲಿ ಬಂದು ಕೂತಳು.

"ಅಪ್ಪಾ, ಆ ಗುರುತು ಅಮ್ಮಂಗೆ ನನ್ನಿಂದ ಹೋಗಿದ್ದಾ? ನಾನು ಹುಟ್ಟಿದಾಗ?"

ಅವಳ ಮುಖ ನೋಡಿದೆ. ಆರು ದಿನ ಇದನ್ನೇ ನುಂಗಿಕೊಂಡು ಓಡಾಡಿದ್ದಾಳೆ. ನಾನು ಹ್ಞೂಂ ಅಂದಿದ್ದರೆ ಸಾಕಿತ್ತು, ನನ್ನ ಹೆಗಲ ಮೂಟೆ ಅರ್ಧ ಅವಳ ಹೆಗಲಿಗೆ. ಗಿರಾಕಿ ತಾನಾಗಿ ಬಂದು ಹಾಳು ಮಾಲು ಕೇಳಿದ ಹಾಗೆ.

"ಇಲ್ಲಮ್ಮ. ಗುರುತು ನಂದು. ಸುಳ್ಳೂ ನಂದು. ನೀನು ಹುಟ್ಟಿದ್ದು ಒಂದೇ ಅದರಲ್ಲಿ ಸರಿಯಾದದ್ದು."

"ತಮ್ಮ ಇದ್ದ ಅಂತ ನಂಗೆ ಯಾಕೆ ಹೇಳಿರಲಿಲ್ಲ?"

"ಹೇಳೋಕೆ ಬರಲಿಲ್ಲ."

"ನಿಂಗೆ? ಹೇಳೋಕೆ ಬರಲಿಲ್ವಾ?" ಅಂದಳು. ನಗುವೋ ಅಳುವೋ ತಿಳಿಯಲಿಲ್ಲ. ಭುಜಕ್ಕೆ ತಲೆ ಆನಿಸಿ ನಿದ್ದೆ ಹೋದಳು. ತೋಳು ಜೋಮು ಹಿಡಿದರೂ ಅಲ್ಲಾಡಲಿಲ್ಲ.

ಮಾರ್ಚ್ 25, ಮಂಗಳವಾರ

ಅಂಗಡಿಗೆ ಹೋಗಿದ್ದೆ. ವ್ಯಾಪಾರ ಮಂದ. ಒಬ್ಬ ಗಿರಾಕಿ ದೊಡ್ಡ ಜೋಡಿಬಾಗಿಲು ಮೆಚ್ಚಿಕೊಂಡು ದುಡ್ಡು ತೆಗೆಯುತ್ತಿದ್ದ. ಕೆಳಗಡೆ ಕೊಳೆತಿದೆ, ಒಂದು ಮಳೆಗಾಲ ತಡೆದರೆ ಹೆಚ್ಚು ಅಂದೆ. ಹೋದ. ಮೇಸ್ತ್ರಿ, "ಯಜಮಾನ್ರೇ, ಹುಷಾರಿದೀರಾ?" ಅಂತ ಹಣೆ ಮುಟ್ಟಲು ಬಂದ. ಹುಷಾರಾಗಿಯೇ ಇದ್ದೇನೆ, ಯಾಕೆ ಹಾಗೆ ಕೇಳಿದನೋ.

ಶಾಲೆಯ ಮುಂಬಾಗಿಲು ಕಿಟಕಿಗಳ ಜೊತೆಗೇ ಬಂದಿತ್ತು, ಒಳ್ಳೆಯ ಮರ. ಸಂಜೆ ಅದನ್ನು ಸರ್ಜನ್ ಸಾಹೇಬರ ಮನೆಗೆ ಹೊರಿಸಿಕೊಂಡು ಹೋಗಿ ಹಳೆಯದನ್ನು ಬಿಚ್ಚಿಸಿದೆ. ಮೇಣದ ತೂತು ತೋರಿಸಿದೆ. ಅವರು ತುಂಬ ಹೊತ್ತು ತೂತು ನೋಡಿದರು. "ನಾನೂ ಅವತ್ತು ಫೋನಲ್ಲೇ ಹ್ಞೂಂ ಅನ್ನಬಾರದಿತ್ತು ಕಣಯ್ಯ" ಅಂದರು. ಕೂರಲು ಹೇಳಲಿಲ್ಲ.

ಮಾರ್ಚ್ 29, ಶನಿವಾರ

ಇವಳನ್ನು ವಾರ್ಡಿಗೆ ಹಾಕಿದ್ದಾರೆ. ದಿಂಬಿಗೆ ಒರಗಿ ಕೂರುತ್ತಾಳೆ. ಎಲ್ಲ ಹೇಳಿದೆ. ಕೌಂಟರು, ಪಕ್ಕದ ಮನೆಯವನು, ಬಾಗಿಲಿನ ಫೋನು, ಸಹಿ ಹಾಕಿ ಸುಮ್ಮನಿದ್ದದ್ದು. ಮಧ್ಯೆ ಒಂದು ಜೋಕೂ ಹಾಕಲಿಲ್ಲ.

"ಮೂವತ್ತು ವರ್ಷ ನಿಮ್ಮ ಮಾತು ಅರಗಿಸಿಕೊಂಡೆ. ರಕ್ತ ಅರಗಲಿಲ್ಲ ನೋಡಿ" ಅಂದಳು.

ನಗಬೇಕೋ ಬೇಡವೋ ಗೊತ್ತಾಗದೆ ಕೂತಿದ್ದೆ. ಅವಳೇ ನಕ್ಕಳು. ನಕ್ಕರೆ ಹೊಲಿಗೆ ನೋಯುತ್ತದೆ, ಹೊಟ್ಟೆ ಹಿಡಿದುಕೊಂಡಳು. ಬಲಗಡೆ.

ಆಮೇಲೆ ಮೆಲ್ಲಗೆ, "ಆ ಮಗೂನ ಮೈ ನೆನಪಿಟ್ಟಿತ್ತಾ?" ಅಂದಳು.

"ಹಾಗಂದ್ರು ಡಾಕ್ಟರಮ್ಮ. ಮಗಳದ್ದೋ ಅವನದ್ದೋ ಹೇಳೋಕಾಗಲ್ವಂತೆ."

"ನಂಗೊತ್ತು" ಅಂದಳು.

ಏಪ್ರಿಲ್ 5, ಶನಿವಾರ

ಮನೆಗೆ ಬಂದೆವು. ಹೊರಡುವ ಮುಂಚೆ ಡಾಕ್ಟರಮ್ಮ ಒಂದು ಕಾರ್ಡು ಕೊಟ್ಟರು. ಇವಳಿಗೆ ಯಾವ ಗುರುತಿನ ರಕ್ತ ಕೊಡಬಾರದು ಎಂದು ಅದರಲ್ಲಿದೆ. ಎಲ್ಲಿಗೆ ಹೋದರೂ ಜೊತೆಯಲ್ಲಿರಬೇಕು. ಆಮೇಲೆ ಕಡತ ಮುಚ್ಚುತ್ತ, "ಒಂದು ಬಿಟ್ಟುಹೋಗಿದೆ. ಮೊದಲು ನೋವು ಶುರುವಾಗಿದ್ದು ಯಾವತ್ತು? ಒಂದೇ ದಿನಕ್ಕೆ ಅಷ್ಟು ನಂಜಾಗಲ್ಲ, ಅದಕ್ಕೇ ಕೇಳ್ತಿದೀನಿ" ಅಂದರು.

ನಾನು ಬಾಯಿ ತೆರೆದೆ. ಈ ಸಲ ಬುಧವಾರ ಅನ್ನುವವನಿದ್ದೆ, ಖಂಡಿತ ಅನ್ನುವವನಿದ್ದೆ.

ಇವಳು ನನಗಿಂತ ಮುಂಚೆ, "ಮೂರು ದಿನ ಇತ್ತು ಮೇಡಂ. ನಾನೇ ಇವರಿಗೆ ಹೇಳಿರಲಿಲ್ಲ. ಕೆಲಸದ ಗಡಿಬಿಡೀಲಿದ್ರು" ಅಂದಳು.

ಡಾಕ್ಟರಮ್ಮ ಬರೆದುಕೊಂಡರು. "ಇನ್ಮೇಲೆ ಹಾಗೆ ಮುಚ್ಚಿಡಬೇಡಿ" ಎಂದು ಅವಳಿಗೆ ಬುದ್ಧಿ ಹೇಳಿದರು. ಅವಳು ತಲೆಯಾಡಿಸಿದಳು. ನಾನು ಅವಳ ಚೀಲ ಎತ್ತಿಕೊಂಡೆ.

ಏಪ್ರಿಲ್ 6, ಭಾನುವಾರ

ಹೋದದ್ದನ್ನು ಮೊದಲ ಪುಟದಲ್ಲಿ ಬರೆದಾಯಿತು. ಯಾರಿಗೆ ಏನು ಬಂತು ಎಂಬುದು ಇಲ್ಲಿದೆ.

ಸರ್ಜನ್ ಸಾಹೇಬರಿಗೆ: ಹುಳು ಇಲ್ಲದ ಬಾಗಿಲು.

ಕೌಂಟರಿನ ಹೆಂಗಸಿಗೆ: ಬೋರ್ಡಿನ ಕಾರಣ. ನಾನೇ ಹೋಗಿ ಹೇಳಿದೆ. "ಓ, ಹೌದಾ" ಅಂದಳು.

ಡಾಕ್ಟರಮ್ಮನಿಗೆ: ಏನೂ ಇಲ್ಲ. ಡಬ್ಬಿ ಕೂಡ ಸಿಕ್ಕಲಿಲ್ಲವಂತೆ, ಸಿಂಕಿನಿಂದ ಯಾರೋ ಎತ್ತಿಕೊಂಡು ಹೋಗಿದ್ದರು.

ರಕ್ತ ಕೊಟ್ಟ ಆ ಇಬ್ಬರಿಗೆ: ಬಿಸ್ಕತ್ತು, ಒಂದು ಲೋಟ ಜ್ಯೂಸು. ನನಗೂ ಅದನ್ನೇ ಕೊಟ್ಟಿದ್ದರು.

ಮಗಳಿಗೆ: ಒಬ್ಬ ತಮ್ಮ, ತಡವಾಗಿ.

ಇವಳಿಗೆ: ಜೀವ. ಹೊಟ್ಟೆಯ ಮೇಲೆ ಒಂದೇ ಗೆರೆ, ಎರಡಾಗಬೇಕಿತ್ತು. ಒಂದು ಕಾರ್ಡು.

ನನಗೆ: ಇವಳು. ಮತ್ತೆ ನನ್ನ ಪರವಾಗಿ ಇವಳು ಹೇಳಿದ ಒಂದು ಸುಳ್ಳು. ಅದನ್ನು ತೀರಿಸುವುದು ಹೇಗೆಂದು ತಿಳಿದಿಲ್ಲ. ಬಾಕಿ.